ಎಣ್ಣೆ ಇಳಿಯುವ ಹೊತ್ತು

ತನ್ನ ಬೆನ್ನುಮೂಳೆ ಒಂದೇ ಮಧ್ಯಾಹ್ನದಲ್ಲಿ ಒಂದು ಚೊಂಬು ಎಣ್ಣೆ ಕುಡಿಯಿತೆಂದು ಬಗ್ಗಣ್ಣ ನಂಬಿದ್ದ. ನಂಬಿ ಸುಮ್ಮನಿದ್ದರೆ ನಷ್ಟವಿರಲಿಲ್ಲ. ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಆದದ್ದು ಇಷ್ಟೇ. ಎಣ್ಣೆಮನೆಯ ಒಳಕೋಣೆಯಲ್ಲಿ ಅವನನ್ನು ಮರದ ಮೇಜಿನ ಮೇಲೆ ಬೋರಲು ಮಲಗಿಸಿ, ನಾದಿದ ಉದ್ದಿನ ಹಿಟ್ಟಿನಿಂದ ಸೊಂಟದ ಮೇಲೆ ಬಾವಿಕಟ್ಟೆಯಂಥದ್ದೊಂದು ಸುತ್ತು ಕಟ್ಟಿ, ಅದರೊಳಕ್ಕೆ ಬೆಚ್ಚಗಿನ ಎಣ್ಣೆ ಸುರಿದಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಸುರಿದರು. ಆಮೇಲೆ ಇನ್ನೊಮ್ಮೆ. ಮುಖ ಕೆಳಗೆ ಹಾಕಿ ಮಲಗಿದವನಿಗೆ ಎಣ್ಣೆ ಎಲ್ಲಿಗೆ ಹೋಗುತ್ತಿದೆ ಎಂದು ಕಾಣುವುದಾದರೂ ಹೇಗೆ? ಪಾಪ, ಎಷ್ಟು ವರ್ಷದ ಬಾಯಾರಿಕೆಯೋ, ಮೂಳೆ ಗಟಗಟ ಕುಡಿಯುತ್ತಿದೆ ಎಂದುಕೊಂಡ. ಪಕ್ಕೆಯ ಮೇಲೆ ಬೆಚ್ಚಗೆ ಏನೋ ಹರಿದಂತಾದದ್ದನ್ನು ರೋಗ ಇಳಿದುಹೋಗುವ ಲಕ್ಷಣವೆಂದು ಎಣಿಸಿದ. ಅಲ್ಲಿಂದ ನೇರ ಅಂಗಡಿಗೆ ಹೋಗಿ, ವೈದ್ಯಶಾಸ್ತ್ರದಲ್ಲಿ ಅಪರೂಪದ ಮೂಳೆ ತನ್ನದೆಂಬಂತೆ ಸಂಜೆಯವರೆಗೂ ಕೊಚ್ಚಿಕೊಂಡ. ಮನೆಯಲ್ಲಿ ಅಮ್ಮ ಅವನ ಚಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ನಿನ್ನ ಮೂಳೆ ಕುಡಿದಿದ್ದು ಇಲ್ಲಿದೆ ನೋಡಪ್ಪ. ಹಿಂಡಿದ್ರೆ ಬಾಣಲೆ ತುಂಬುತ್ತೆ" ಎಂದಳು.

ಹಿಟ್ಟಿನ ಕಟ್ಟೆಗೆ ತೂತು ಬಿದ್ದಿತ್ತು. ಮುಂದಿನ ಸಲ ಹೋದಾಗ ಎಣ್ಣೆ ಸುರಿದಿದ್ದ ಎಣ್ಣೆಯಕ್ಕನನ್ನು ಕೇಳಿದರೆ ಅವಳು ನಾಚಿಕೆಯನ್ನೇನೂ ಪಡಲಿಲ್ಲ. ತೂತು ತನಗೂ ಕಂಡಿತ್ತಂತೆ. ಕಟ್ಟೆ ಒಡೆದು ಮತ್ತೆ ಕಟ್ಟುವುದಕ್ಕಿಂತ ಎಣ್ಣೆ ಸುರಿಯುವುದೇ ಸಲೀಸು ಎನಿಸಿತಂತೆ. ಬಗ್ಗಣ್ಣ ಕಣ್ಣು ಕಣ್ಣು ಬಿಟ್ಟ. ಆ ಹೆಂಗಸು ಅವನನ್ನು ತಬ್ಬಿಬ್ಬು ಮಾಡಿದ್ದರಲ್ಲಿ ಅದೇ ಮೊದಲನೆಯದು, ಮತ್ತು ಎಲ್ಲಕ್ಕಿಂತ ಚಿಕ್ಕದು.

ಬಗ್ಗಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಚಪ್ಪಲಿ ಅಂಗಡಿಯಲ್ಲಿ ಅವನು ಮಾರಾಟದವನು. ಗಿರಾಕಿ ಮೆತ್ತನೆಯ ಕುರ್ಚಿಯಲ್ಲಿ ಕೂರುತ್ತಾನೆ. ಬಗ್ಗಣ್ಣ ಅವನ ಮುಂದೆ, ಮುಂಭಾಗ ಇಳಿಜಾರಾದ ಮೋಟು ಸ್ಟೂಲಿನ ಮೇಲೆ. ಇಳಿಜಾರಿನ ಮೇಲೆ ಗಿರಾಕಿಯ ಪಾದ, ಪಾದದ ಮೇಲೆ ಬಗ್ಗಣ್ಣನ ತಲೆ. ಲೇಸು ಕಟ್ಟು, ಬಿಚ್ಚು, ಹೆಬ್ಬೆರಳಿನ ತುದಿ ಎಲ್ಲಿದೆ ಎಂದು ಒತ್ತಿ ನೋಡು, ಏಣಿ ಹತ್ತಿ ಇನ್ನೊಂದು ಡಬ್ಬಿ ಇಳಿಸು, ಮತ್ತೆ ಬಗ್ಗು. ಸಂಬಳಕ್ಕೆ ದುಡಿಯುವವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಬಗ್ಗುವವರೇ, ಆದರೆ ಇವನಷ್ಟು ನೇರವಾಗಿ ಬಗ್ಗುವವರು ಕಡಿಮೆ. ಮೂವತ್ತು ತುಂಬುವ ಮೊದಲೇ ಸೊಂಟ ಮುಷ್ಕರ ಹೂಡಿತು. ಬೆಳಿಗ್ಗೆ ಹಾಸಿಗೆಯಿಂದ ಏಳಬೇಕಾದರೆ ಮೊದಲು ನೆಲಕ್ಕೆ ಉರುಳಿ, ಗೋಡೆ ಹಿಡಿದು, ಹಳೇ ಬೀರುವಿನಂತೆ ಕಿರ್ರೆನ್ನುತ್ತ ನಿಲ್ಲಬೇಕಾಗಿತ್ತು. ಮಾತ್ರೆ ನುಂಗಿದ, ಪಟ್ಟಿ ಕಟ್ಟಿದ, ಬಿಸಿನೀರಿನ ಚೀಲ ಇಟ್ಟ. ಕೊನೆಗೆ ಅಮ್ಮ ಕೈಹಿಡಿದು ಎಣ್ಣೆಮನೆಗೆ ಎಳೆದುಕೊಂಡು ಹೋದಳು.

ಅಂಚೆ ಕಚೇರಿಯ ಹಿಂದಿನ ಓಣಿಯಲ್ಲಿ ಎಣ್ಣೆಮನೆ. ಮುಂದೆ ರೋಗಿಗಳು ಕಾಯುತ್ತ ಕೂರುವ ಹಾಲು: ಗೋಡೆಯುದ್ದಕ್ಕೆ ಬೆಂಚು, ಬೆಂಚಿನ ಹಿಂದೆ ವರ್ಷಾನುಗಟ್ಟಲೆ ತಲೆಗಳು ಒರಗಿ ಮೂಡಿದ ಜಿಡ್ಡಿನ ಗೆರೆ, ಗಾಜಿನ ಬೀರುವಿನಲ್ಲಿ ಕಂದು ಬಾಟಲಿಗಳು. ಹಿಂದೆ ಒಳಕೋಣೆ: ಎಣ್ಣೆ ಕುಡಿದು ಕಪ್ಪಗೆ ಮಿರುಗುವ ಮೇಜು, ಅದರ ಅಂಚಿಗೆ ಕೊರೆದ ಕಾಲುವೆ, ಕಾಲುವೆಯ ತುದಿಯಲ್ಲಿ ಹಿತ್ತಾಳೆ ಬೋಗುಣಿ, ಮೂಲೆಯಲ್ಲಿ ಸಣ್ಣ ಉರಿಯ ಒಲೆ. ಜಾರಬಾರದೆಂದು ನೆಲಕ್ಕೆ ಮರದ ಹೊಟ್ಟು. ಮುಂದಿನ ಹಾಲು ತಮ್ಮನದು, ಹಿಂದಿನ ಕೋಣೆ ಅಕ್ಕನದು. ತಮ್ಮನನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಅಕ್ಕನನ್ನು ಅವಳಿಗಿಂತ ಹಿರಿಯರೂ ಎಣ್ಣೆಯಕ್ಕ ಎಂದೇ ಕರೆಯುತ್ತಿದ್ದರು.

ವಿದ್ಯೆ ಅಪ್ಪನದು. ಅವರ ಅಪ್ಪ ಮಗಳ ಮಣಿಕಟ್ಟಿನ ಒಳಗೆ ಎಣ್ಣೆಯ ತೊಟ್ಟು ಬಿಟ್ಟು ಬಿಸಿಯ ಹದ ಕಲಿಸಿದ. ಮಗನನ್ನು ಶಾಲೆಗೆ ಕಳಿಸಿ ಲೆಕ್ಕ ಕಲಿಸಿದ. ಸತ್ತಾಗ ಅದೇ ಪ್ರಕಾರ ಆಸ್ತಿಯೂ ಭಾಗವಾಯಿತು: ಮಗನಿಗೆ ಕಟ್ಟಡ, ಮಗಳಿಗೆ ಹದ. ನಡುವೆ ಅವಳಿಗೊಂದು ಮದುವೆಯೂ ಆಗಿತ್ತು. ವರ್ಷ ತುಂಬುವುದರೊಳಗೆ ವಾಪಸ್ ಬಂದಳು. ಯಾಕಮ್ಮ ಎಂದವರಿಗೆ, ಅಲ್ಲಿ ಮಾಡೋಕೆ ಏನೂ ಕೆಲಸ ಇರಲಿಲ್ಲ ಎಂದಳಂತೆ. ಅಂದಿನಿಂದ ಹಗಲಿಗೆ ಒಳಕೋಣೆ, ರಾತ್ರಿಗೆ ಮಹಡಿಯ ಮೇಲಿನ ಸಣ್ಣ ಕೋಣೆ. ಆ ಕೋಣೆಗೆ ಹೋಗುವ ಮೆಟ್ಟಿಲು ತಮ್ಮನ ಮೇಜಿನ ಪಕ್ಕದಲ್ಲೇ ಹಾದುಹೋಗುತ್ತಿತ್ತು. ತಮ್ಮ ಮುಖ ತಿರುಗಿಸಿದರೆ ಅವಳ ಅನ್ನವೂ ಹೋಯಿತು, ಸೂರೂ ಹೋಯಿತು.

ಎಣ್ಣೆಯಕ್ಕ ಬಗ್ಗಣ್ಣನಿಗೆ ಇದನ್ನೆಲ್ಲ ಹೇಳಿದ್ದು ಎಣ್ಣೆ ಇಳಿಯುವ ಹೊತ್ತಿನಲ್ಲಿ. ಎಣ್ಣೆಮನೆಯ ಪದ್ಧತಿಯಂತೆ ಉಜ್ಜುವುದು ಮುಗಿದ ಮೇಲೆ ರೋಗಿ ಹೊದಿಕೆ ಹೊದ್ದು ಮಲಗಬೇಕು, ಎಣ್ಣೆ ಮೈಗಿಳಿಯಬೇಕು, ಆಮೇಲೆ ಬಿಸಿನೀರು. ಬಹಳ ಜನ ಬರುತ್ತಿದ್ದದ್ದೇ ಆ ನಿದ್ದೆಗೆ. ಬಗ್ಗಣ್ಣನೂ ಎರಡನೆಯ ಸಲ ಹೋದಾಗ ಕಣ್ಣು ಮುಚ್ಚಿ, ಆಹಾ, ರೋಗವೆಂದರೆ ಹೀಗಿರಬೇಕು ಎಂದುಕೊಳ್ಳುತ್ತಿದ್ದ. ಬಾಗಿಲಿನ ಅಗುಳಿ ಬಿದ್ದ ಸದ್ದಾಯಿತು. ನೆಲದ ಮೇಲೆ ಗೋಣಿಚಾಪೆ ಬಿಚ್ಚಿದ ಸದ್ದಾಯಿತು.

"ಇಳಿ ಕೆಳಗೆ" ಎಂದಳು ಎಣ್ಣೆಯಕ್ಕ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವನ ಗತಿ ಅದು. ಇಳಿದ. ಅಂಗಾತ ಮಲಗಿಸಿದಳು, ಮೊಣಕಾಲು ಮಡಚಿಸಿದಳು, ಹೊಕ್ಕುಳನ್ನು ಬೆನ್ನಿನ ಕಡೆಗೆ ಎಳೆದು ಹಿಡಿ, ಉಸಿರು ಮಾತ್ರ ಬಿಗಿ ಹಿಡಿಯಬೇಡ ಎಂದಳು. ಬಗ್ಗಣ್ಣ ಎಳೆದ. ಎಣ್ಣೆಯಕ್ಕ ಅವನ ಹೊಟ್ಟೆಗೆ ಎರಡು ಬೆರಳೊತ್ತಿ, ಇನ್ನೂ ಶುರು ಮಾಡಿಲ್ಲವೇ ಎಂದು ಕೇಳಿದಳು. ಅವನು ಆಗಲೇ ಬೆವರುತ್ತಿದ್ದ. ಇಷ್ಟು ವರ್ಷ ಅನ್ನ ಹಾಕಿ ಸಾಕಿದ ಹೊಟ್ಟೆ, ಹೆಸರಿಗೆ ಮಾತ್ರ ಅಲ್ಲಿತ್ತು. ಕೆಲಸದ ಹೊತ್ತಿಗೆ ಹಾಜರಿರಲಿಲ್ಲ. ಅದರ ಪಾಲಿನದ್ದನ್ನೂ ಬಡಪಾಯಿ ಸೊಂಟವೇ ಹೊತ್ತಿತ್ತು. ಆಮೇಲೆ ಅವನ ತಾಯಿಯ ವಯಸ್ಸಿನ ಆ ಹೆಂಗಸು ಸೀರೆಯ ಸೆರಗು ಸಿಕ್ಕಿಸಿ, ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಇಡೀ ಮೈಯನ್ನು ಹಲಗೆಯಂತೆ ನೆಟ್ಟಗೆ ಎತ್ತಿ ಹಿಡಿದು, ಹಾಗೇ ಇದ್ದುಕೊಂಡು ತನ್ನ ಕಥೆ ಹೇಳಲು ಶುರುಮಾಡಿದಳು. ದನಿ ನಡುಗಲಿಲ್ಲ. ಬಗ್ಗಣ್ಣ ಕಥೆ ಕೇಳಲಿಲ್ಲ. ಇವಳು ಯಾವಾಗ ಕೆಳಗೆ ಬೀಳುತ್ತಾಳೆ ಎಂದು ನೋಡುತ್ತ ಕೂತ. ಕಥೆಯೇ ಮೊದಲು ಮುಗಿಯಿತು.

ಎರಡನೆಯ ಬಾರಿ ಹೇಳಿಸಿಕೊಂಡಾಗ ತಿಳಿದದ್ದು: ಹಿಂದೊಮ್ಮೆ ಭಾರೀ ಮೈಯ ಗುತ್ತಿಗೆದಾರನೊಬ್ಬನನ್ನು ಮೇಜಿನ ಮೇಲೆ ಮಗ್ಗುಲು ಹೊರಳಿಸುವಾಗ ಎಣ್ಣೆಯಕ್ಕನ ಬೆನ್ನೇ ಹಿಡಿದುಕೊಂಡಿತ್ತು. ಮನೆತುಂಬ ಎಣ್ಣೆ, ಆದರೂ ಅವಳು ಮಹಡಿ ಮೆಟ್ಟಿಲು ಹತ್ತಲಾಗದೆ ತಿಂಗಳುಗಟ್ಟಲೆ ಮೇಜಿನ ಕೆಳಗೇ ಮಲಗಿದಳು. ಹಚ್ಚಿದಾಗ ಹಿತ, ಬೆಳಗಾದರೆ ಅದೇ ನೋವು. ಭುಜದ ನೋವಿಗೆ ಬರುತ್ತಿದ್ದ ಈಜುಕೊಳದ ಟೀಚರೊಬ್ಬಳು ಇದನ್ನು ನೋಡಿ, ಎಣ್ಣೆ ಹಾಕಿದರೆ ಬಾಗಿಲು ಕಿರುಗುಟ್ಟುವುದು ನಿಲ್ಲುತ್ತೆ, ತಿರುಪು ಸಡಿಲ ಇದ್ದರೆ ಬಾಗಿಲು ಬಿದ್ದೇ ಬೀಳುತ್ತೆ ಎಂದು ಹೇಳಿ, ತಿರುಪು ಬಿಗಿ ಮಾಡುವ ವ್ಯಾಯಾಮಗಳನ್ನು ಒಂದೊಂದಾಗಿ ಕಲಿಸಿದಳು. ಒಣ ಮೈಯಲ್ಲಿ ಮಾಡಲು ಹೋದರೆ ಬಿಗಿದ ಬೆನ್ನು ಬಿಡುತ್ತಿರಲಿಲ್ಲ. ಬೆಚ್ಚಗೆ ಎಣ್ಣೆ ಉಜ್ಜಿದ ಬೆನ್ನಿಗೆ ಹಿಡಿದದ್ದು ಸಡಿಲಾಗಿ, ಹೊಟ್ಟೆ ಕೆಲಸ ಕಲಿಯುವಷ್ಟು ಬಿಡುವು ಸಿಗುತ್ತಿತ್ತು. ಎರಡನ್ನೂ ಜೋಡಿಸಿದ್ದು ಎಣ್ಣೆಯಕ್ಕನೇ. ತಾನು ಎದ್ದು ಓಡಾಡಿದ ಮೇಲೆ ಆಯ್ದ ಕೆಲವರಿಗೆ ಕಲಿಸತೊಡಗಿದಳು. ಕಾಲಿಗೆ ಜೋಮು ಇಳಿಯುತ್ತೆ ಎಂದವರನ್ನು ಮಾತ್ರ ಮುಟ್ಟದೆ, ಮೊದಲು ಆಸ್ಪತ್ರೆಗೆ ಹೋಗಿ ಎಂದು ಗದರಿ ಕಳಿಸುತ್ತಿದ್ದಳು.

"ಹೊರಗೆ ಬಾಯಿಬಿಟ್ಟೆ ಅಂದ್ರೆ ನನ್ನ ಕೆಲಸವೂ ಹೋಗುತ್ತೆ, ಮೇಲಿನ ಕೋಣೆಯೂ ಹೋಗುತ್ತೆ" ಎಂದಿದ್ದಳು. "ನನ್ನ ತಮ್ಮನಿಗೆ ಜನ ಮಲಗಿದ್ರೇನೇ ಚೆಂದ."

ಬಗ್ಗಣ್ಣ ಬಾಯಿ ಬಿಡಲಿಲ್ಲ. ಒಳಗೆ ಅವನು ನರಳುವುದು ಹಾಲಿನವರೆಗೂ ಕೇಳಿಸುತ್ತಿತ್ತು. ಬೆಂಚಿನಲ್ಲಿ ಕೂತವರು, ಎಣ್ಣೆಗೆ ಖಾರ ಜಾಸ್ತಿ ಎಂದು ಮಾತಾಡಿಕೊಳ್ಳುತ್ತಿದ್ದರು. ಆದರೆ ಮನೆಯಲ್ಲಿ ದಿನಾ ಅಭ್ಯಾಸ ಮಾಡಬೇಕಲ್ಲ. ಮಗ ಮುಂಜಾನೆ ಅಡುಗೆಮನೆಯ ನೆಲದಲ್ಲಿ ನಾಲ್ಕು ಕಾಲಿನ ಮೇಲೆ ನಿಂತು ಎಡಗೈಯನ್ನೂ ಬಲಗಾಲನ್ನೂ ಒಟ್ಟಿಗೆ ಚಾಚಿದ್ದನ್ನು ಕಂಡ ಅಮ್ಮ, ಮಜ್ಜಿಗೆ ಚೆಲ್ಲಿಕೊಂಡು ಕಿರುಚಿದಳು. ವಿಷಯ ಹೇಳಲೇಬೇಕಾಯಿತು. ಯಾರಿಗೂ ಹೇಳೋದಿಲ್ಲ ಎಂದು ಅಮ್ಮ ಮಾತು ಕೊಟ್ಟಳು. ಕೊಟ್ಟ ಮಾತನ್ನು ಅವಳು ಬಹಳ ದಿನ ಉಳಿಸಿಕೊಂಡಳು ಕೂಡ. ಅದಕ್ಕೇ ಅವಳ ಹೊಟ್ಟೆಯಲ್ಲಿ ಅದು ಅಷ್ಟೊಂದು ಉಬ್ಬಿದ್ದು.

ಒಡೆದದ್ದು ಎಣ್ಣೆಮನೆಯ ಹಾಲಿನಲ್ಲೇ. ಅಂದು ಎಣ್ಣೆ ತಂದವನು ತುಂಬಿದ ದೊಡ್ಡ ಡಬ್ಬವನ್ನು ಹೊಸ್ತಿಲಲ್ಲಿ ಇಳಿಸಿ, ಗಾಡಿ ನಿಲ್ಲಿಸಲು ಜಾಗವಿಲ್ಲವೆಂದು ಹೊರಟೇಹೋದ. ಯಜಮಾನರು ಬಗ್ಗಿ ನೋಡಿದರು, ಅವರಿಂದಾಗಲಿಲ್ಲ. ಬೆಂಚಿನ ತುಂಬ ಬೆನ್ನುನೋವಿನವರು; ಎಲ್ಲರೂ ಡಬ್ಬದ ಕಡೆ ನೋಡಿ ತಮ್ಮ ತಮ್ಮ ಸೊಂಟ ಮುಟ್ಟಿಕೊಂಡರು. ಬಗ್ಗಣ್ಣ ಯೋಚನೆಯನ್ನೇ ಮಾಡಲಿಲ್ಲ. ಕುಕ್ಕರಗಾಲಲ್ಲಿ ಕೂತು, ಹೊಟ್ಟೆ ಬಿಗಿದು, ಡಬ್ಬವನ್ನು ಎದೆಗವಚಿಕೊಂಡು ಎದ್ದು, ಒಳಕೋಣೆಯ ಬಾಗಿಲವರೆಗೆ ನಡೆದು ಇಟ್ಟು ಬಂದ. ತಾನು ಏನು ಮಾಡಿದೆನೆಂದು ಅವನಿಗೆ ಹೊಳೆದದ್ದು ಇಟ್ಟು ತಿರುಗಿದ ಮೇಲೆ. ಕೋಲೂರಿಕೊಂಡು ಬಂದಿದ್ದ ನಿವೃತ್ತ ಮೇಷ್ಟರೊಬ್ಬರು ಬಾಯಿ ತೆರೆದವರು ಮುಚ್ಚುವುದನ್ನೇ ಮರೆತಿದ್ದರು.

ಯಜಮಾನರು ಮೊದಲು ಹಿಗ್ಗಿದರು. ನೋಡಿ, ನಮ್ಮ ಎಣ್ಣೆಯ ಗುಣ ಎಂದು ಬೆಂಚಿಗೆಲ್ಲ ಕೈತೋರಿಸಿದರು.

ಅಂದು ಜೊತೆಗೆ ಬಂದಿದ್ದ ಅಮ್ಮನಿಗೆ ತಡೆಯಲಾಗಲಿಲ್ಲ. "ಎಣ್ಣೆ ಒಂದೇ ಅಲ್ಲ ಯಜಮಾನ್ರೇ" ಎಂದಳು. "ನಿಮ್ಮ ಅಕ್ಕ ಒಳಗೆ ಬಾಗಿಲು ಹಾಕ್ಕೊಂಡು ವ್ಯಾಯಾಮ ಕಲಿಸ್ತಾರಲ್ಲ, ಅದರ ಗುಣ. ಇವನ ಹೊಟ್ಟೆ ಮುಟ್ಟಿ ನೋಡಿ, ಮಣೆ ಆಗಿದೆ. ಇನ್ಮೇಲೆ ನಾವು ಬರೋ ಅಗತ್ಯವೇ ಇಲ್ಲ."

ಬೆಂಚು ಎದ್ದು ನಿಂತಿತು. ಯಾವ ವ್ಯಾಯಾಮ, ನಮಗ್ಯಾಕೆ ಹೇಳಲಿಲ್ಲ, ನಾನು ವರ್ಷಗಳಿಂದ ಬರ್ತಿದ್ದೀನಿ, ನನಗ್ಯಾಕಿಲ್ಲ ಎಂದು ಒಬ್ಬರ ಮೇಲೊಬ್ಬರು. ಯಜಮಾನರ ಮುಖದಲ್ಲಿ ಮಾತ್ರ ಲೆಕ್ಕ ಓಡುತ್ತಿತ್ತು. ಹೋದ ಚಳಿಗಾಲದಿಂದ ಒಬ್ಬೊಬ್ಬರಾಗಿ ಕಾಣೆಯಾದ ಗಿರಾಕಿಗಳ ಮುಖ ಅವರ ಕಣ್ಣ ಮುಂದೆ ಸಾಲಾಗಿ ಹಾದುಹೋದದ್ದು ಬಗ್ಗಣ್ಣನಿಗೂ ಕಂಡಿತು. ಅವರೆಲ್ಲ ಬೇರೆ ಕಡೆ ಹೋಗಿದ್ದಾರೆ, ಇಲ್ಲವೇ ಸತ್ತಿದ್ದಾರೆ ಎಂದು ಆ ಮನುಷ್ಯ ಇಷ್ಟು ದಿನ ನಂಬಿದ್ದರು. ವಾಸಿಯಾಗಿರಬಹುದೆಂಬ ಅನುಮಾನ ಅವರಿಗೆ ಬಂದೇ ಇರಲಿಲ್ಲ.

ಗಲಾಟೆ ಕೇಳಿ ಎಣ್ಣೆಯಕ್ಕ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಅಮ್ಮ ಆಗ ನಾಲಗೆ ಕಚ್ಚಿಕೊಂಡಳು; ಕಚ್ಚಿ ಏನು ಬಂತು.

"ನಿಜವಾ ಅಕ್ಕ?" ಯಜಮಾನರು ಕೇಳಿದರು.

"ನಿಜ."

"ವಾಸಿ ಆದೋನು ವಾಪಸ್ ಯಾಕೆ ಬರ್ತಾನೆ? ಇಷ್ಟೂ ತಿಳಿಯಲ್ವಾ ನಿಂಗೆ? ಮಲಗಿಸು, ಉಜ್ಜು, ಕಳಿಸು. ಅಪ್ಪ ಮಾಡಿದ್ದು ಅಷ್ಟೇ." ಅವರ ದನಿ ಏರಲಿಲ್ಲ, ಅದೇ ಭಯವಾಗುವಂತಿತ್ತು. "ಒಂದೋ ಬರೀ ಎಣ್ಣೆ, ಇಲ್ಲಾ ಬಾಗಿಲು. ಈಗಲೇ ಹೇಳು."

ಒಡಹುಟ್ಟಿದವನು, ಅಷ್ಟು ಜನರ ಮುಂದೆ. ಈಗ ಅಳುತ್ತಾಳೆ, ಅಥವಾ ತಪ್ಪಾಯ್ತು ಎನ್ನುತ್ತಾಳೆ ಎಂದುಕೊಂಡ ಬಗ್ಗಣ್ಣ; ಅವನಾದರೆ ಎರಡನ್ನೂ ಮಾಡುತ್ತಿದ್ದ. ಎಣ್ಣೆಯಕ್ಕ ಸೊಂಟಕ್ಕೆ ಕಟ್ಟಿದ್ದ ಎಣ್ಣೆಬಟ್ಟೆಯ ಗಂಟು ಬಿಚ್ಚಿ, ಬಟ್ಟೆಯನ್ನು ತಮ್ಮನ ಮೇಜಿನ ಮೇಲಿಟ್ಟಳು.

"ಬಾಗಿಲು" ಎಂದಳು.

ಮಹಡಿಯಿಂದ ಒಂದು ಚೀಲ, ಒಂದು ದಿಂಬು ಇಳಿಸಿಕೊಂಡು ಬಂದು, ಹೊರಗೆ ಹೋಗುವಾಗ ಹೊಸ್ತಿಲ ಬಳಿ ಎಣ್ಣೆ ತೊಟ್ಟಿಕ್ಕಿದ್ದನ್ನು ಕಂಡು, ಇಲ್ಲಿ ಹೊಟ್ಟು ಹಾಕಿ, ಯಾರಾದ್ರೂ ಜಾರ್ತಾರೆ ಎಂದು ಹೇಳಿ ಹೋದಳು. ಅಮ್ಮ ಮನೆಯ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅಮ್ಮ ಮಾತಾಡದೆ ಇಷ್ಟು ದೂರ ನಡೆದದ್ದನ್ನು ಬಗ್ಗಣ್ಣ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮುಂದಿನದು ಇನ್ನೂ ಸೋಜಿಗ. ಎಣ್ಣೆಮನೆಯ ಮುಂದೆ ಹೊಸ ಬೋರ್ಡು ಬಂತು: ಎಣ್ಣೆಯ ಜೊತೆಗೆ ವ್ಯಾಯಾಮ, ನಮ್ಮಲ್ಲಿ ಮಾತ್ರ. ಯಾವುದಕ್ಕಾಗಿ ಅಕ್ಕನನ್ನು ಹೊರಗೆ ಹಾಕಿದರೋ ಅದನ್ನೇ ದಪ್ಪಕ್ಷರದಲ್ಲಿ ಬರೆಸಿದ್ದರು. ಬಗ್ಗಣ್ಣ ಓಣಿಯಲ್ಲಿ ನಿಂತು ಬೋರ್ಡನ್ನು ಓದಿದ, ಕಣ್ಣುಜ್ಜಿಕೊಂಡು ಮತ್ತೆ ಓದಿದ. ಒಳಗೆ ಬಿಗಿ ಅಂಗಿಯ ತರಬೇತುದಾರನೊಬ್ಬ ಬಂದಿದ್ದಾನೆಂದೂ, ಅವನು ಎಣ್ಣೆ ಹಚ್ಚಿದವರನ್ನು ಚಾಪೆಯೂ ಹೊಟ್ಟೂ ಇಲ್ಲದೆ ಬರೀ ನೆಲದಲ್ಲಿ ನಿಲ್ಲಿಸಿದ್ದರಿಂದ ಕೋಲಿನ ಮೇಷ್ಟರು ಜಾರಿಬಿದ್ದರೆಂದೂ ಅಮ್ಮ ಸುದ್ದಿ ತಂದಳು.

ಕೆಲವು ದಿನಕ್ಕೆ ಯಜಮಾನರೇ ಚಪ್ಪಲಿ ಅಂಗಡಿಗೆ ಬಂದರು. ಮೆತ್ತನೆ ಕುರ್ಚಿಯಲ್ಲಿ ಕೂತು ಪಾದವನ್ನು ಸ್ಟೂಲಿನ ಮೇಲಿಟ್ಟರು. ಯಾವ ಜೋಡೂ ಕೇಳಲಿಲ್ಲ. ಬಗ್ಗಣ್ಣ ಅಭ್ಯಾಸಬಲದಿಂದ ಪಾದ ಹಿಡಿದೇ ಕೂತ. ಜನ ಬರುತ್ತಾರಂತೆ, ಒಮ್ಮೆ ಉಜ್ಜಿಸಿಕೊಂಡು, ಇದು ಆ ಕೈಯಲ್ಲ ಎಂದು ಹೊರಟುಹೋಗುತ್ತಾರಂತೆ. ಅಕ್ಕ ತನ್ನ ಜೊತೆ ಮಾತಾಡುವುದಿಲ್ಲ. ನೀನು ಹೇಳಿದರೆ ಕೇಳಿಯಾಳು ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಉಪಾಯವೊಂದನ್ನೂ ತಂದಿದ್ದರು: ವ್ಯಾಯಾಮ ಕಲಿಸಲಿ, ಆದರೆ ತಿಂಗಳಿಗೆ ಒಂದೇ. ಪಾದ ಕೆಳಗಿಳಿಸುವಾಗ ಮಾತ್ರ ಮುಖ ಆ ಕಡೆ ಮಾಡಿ, "ಮೇಲಿನ ಕೋಣೆ ಹಾಗೇ ಇದೆ ಅಂತ ಹೇಳು. ಹಾಸಿಗೆ ಸುತ್ತಿಲ್ಲ" ಎಂದರು. ಬಗ್ಗಣ್ಣನಿಗೆ ಆ ಪಾದದ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ.

ಅಮ್ಮನಿಗೆ ಗೊತ್ತಿಲ್ಲದ ವಿಳಾಸ ಊರಲ್ಲಿಲ್ಲ. ಈಜುಕೊಳದ ಟೀಚರ ಮನೆಯಲ್ಲಿ ಎಣ್ಣೆಯಕ್ಕನ ವಾಸ, ರೈಲುಹಳಿಯ ಆಚೆಯ ಗಿಡಗಳ ನರ್ಸರಿಯಲ್ಲಿ ಕೆಲಸ. ರಜೆಯ ದಿನ ಬಗ್ಗಣ್ಣ ಹೋಗಿ ನೋಡಿದರೆ, ನೆರಳುಬಲೆಯ ಕೆಳಗೆ ಅವಳು ಮಣ್ಣು ತುಂಬಿದ ಸಿಮೆಂಟು ಕುಂಡಗಳನ್ನು ಎತ್ತಿ ಎತ್ತಿ ಗಾಡಿಗೆ ಇಡುತ್ತಿದ್ದಳು. ಊರಿನ ಬೆನ್ನುಗಳನ್ನೆಲ್ಲ ನೆಟ್ಟಗೆ ಮಾಡಿದವಳು ಈ ವಯಸ್ಸಿನಲ್ಲಿ ಮಣ್ಣು ಹೊರುವುದೇ? ಅವನ ಗಂಟಲು ಕಟ್ಟಿತು. ನಿಜ ಹೇಳಬೇಕೆಂದರೆ ದಾರಿಯಲ್ಲೇ ಸ್ವಲ್ಪ ಕಟ್ಟಿಕೊಂಡೇ ಬಂದಿದ್ದ. ಇಷ್ಟು ದಿನ ಅಂಗಡಿಯಲ್ಲಿ ಗಿರಾಕಿಗಳಿಗೆ ಜೋಡು ತೊಡಿಸುತ್ತ, ನಮ್ಮಂಥ ಬಡಪಾಯಿಗಳಿಗಾಗಿ ತನ್ನ ಅನ್ನಕ್ಕೇ ಕಲ್ಲು ಹಾಕಿಕೊಂಡ ಮಹಾತಾಯಿ ಎಂದು ಅವಳ ಕಥೆ ಹೇಳುತ್ತಿದ್ದ. ಒಂದಿಬ್ಬರು ಕಣ್ಣೊರೆಸಿಕೊಂಡದ್ದೂ ಉಂಟು.

ಯಜಮಾನರ ಮಾತುಗಳನ್ನು ಒಪ್ಪಿಸಿದ. ಎಣ್ಣೆಯಕ್ಕ ಕುಂಡ ಕೆಳಗಿಡದೆಯೇ ಕೇಳಿಸಿಕೊಂಡಳು. ತಿಂಗಳಿಗೆ ಒಂದೇ ವ್ಯಾಯಾಮ ಎಂದರೆ ಒಬ್ಬೊಬ್ಬರು ಎಷ್ಟು ಕಾಲ ಬರಬೇಕಾಗುತ್ತೆ ಎಂದು ಕೇಳಿದಳು. ವರ್ಷಗಟ್ಟಲೆ ಬರಬೇಕಾಗುತ್ತೆ ಎಂದ ಬಗ್ಗಣ್ಣ. ಅವಳ ಮುಖದಲ್ಲಿ ಅಂದು ತಮ್ಮ ಬಾಗಿಲು ತೋರಿಸಿದಾಗಲೂ ಕಾಣದಿದ್ದ ದಿಗಿಲು ಮೊದಲ ಬಾರಿಗೆ ಕಂಡಿತು. ಹಾಸಿಗೆ ಸುತ್ತಿಡೋಕೆ ಹೇಳು ಎಂದು ಕುಂಡವನ್ನು ಗಾಡಿಗಿಟ್ಟಳು.

ಇನ್ನು ಕೇಳದಿದ್ದರೆ ಆಗದು ಎನಿಸಿತು ಬಗ್ಗಣ್ಣನಿಗೆ.

"ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕೆಲಸ ಹೋಗುತ್ತೆ, ಮನೆ ಹೋಗುತ್ತೆ ಅಂತ ನಿಮಗೆ ಗೊತ್ತಿತ್ತು. ಆದ್ರೂ ಕಲಿಸಿದ್ರಿ. ನಮ್ಮಂಥೋರ ಮೇಲೆ ನಿಮಗೆ ಅಷ್ಟೊಂದು ಅಕ್ಕರೆ ಯಾಕೆ?"

ಎಣ್ಣೆಯಕ್ಕ ಕೈಯ ಮಣ್ಣು ಕೊಡವಿ, ಇವನೇನು ಹುಚ್ಚನೋ ಎಂಬಂತೆ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಅಕ್ಕರೆ ಎಲ್ಲಿಂದ ಬರಬೇಕು? ಅದೇ ಬೆನ್ನು, ಅದೇ ನರಳಾಟ, ವಾರವಾರವೂ ಅದೇ ಪುರಾಣ. ನಿಮ್ಮನ್ನೆಲ್ಲ ಉಜ್ಜಿ ಉಜ್ಜಿ ನನಗೆ ಸಾಕಾಗಿ ಹೋಗಿತ್ತು ಕಣಪ್ಪ. ವಾಸಿಯಾದ್ರೆ ತೊಲಗ್ತೀರಲ್ಲ ಅಂತ ಕಲಿಸಿದೆ."